ಪದಚರ್ಚೆ: ಗಾಂಜಾ, ಭಂಗಿ, ಉರಿಯೂತ

ನಮಸ್ಕಾರ. ಪುಣೆಯ ಕೋಥ್ರೂಡ್‌ನಿಂದ ಬರೆಯುತ್ತಿದ್ದೇನೆ.

ನಮ್ಮ ಅತ್ತೆಗೆ ಆಮವಾತ, ಕೀಲು ಊದಿ ನೋಯುವ ಕಾಯಿಲೆ. ಬೆಳಿಗ್ಗೆ ಬೆರಳು ಮಡಚಲು ಆಗುವುದಿಲ್ಲ. ಪಕ್ಕದ ಮನೆಯ ಕಾಕೂ ಒಂದು ಎಣ್ಣೆ ಸೀಸೆ ಕೊಟ್ಟರು. ಮೇಲೆ ‘ವಿಜಯಾ’ ಅಂತ ಇತ್ತು. ‘ಯಾರೇ ಇವಳು ವಿಜಯಾ?’ ಅಂದರು ಅತ್ತೆ. ಆಯುರ್ವೇದದಲ್ಲಿ ಗಾಂಜಾ ಗಿಡದ ಹೆಸರದು ಅಂದೆ. ಸೀಸೆ ಕೈಜಾರುವುದೊಂದು ಬಾಕಿ!

ಗಾಂಜಾ ಗಿಡ ಉರಿಯೂತ (ಇನ್‌ಫ್ಲಮೇಶನ್) ಇಳಿಸುತ್ತದೆ ಎಂಬ ಮಾತಿನ ಪರ, ವಿರೋಧ ಎರಡನ್ನೂ ಅವರಿಗೆ ಒಂದು ಪುಟದಲ್ಲಿ ಬರೆದುಕೊಡೋಣ ಎಂದು ಕೂತೆ. ಮೊದಲ ಪದಕ್ಕೇ ತಡವರಿಸಿದೆ. ಮಾದಕವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ‘ಗಾಂಜಾ’ ಅಂದರೆ ಇಡೀ ಗಿಡವಲ್ಲ, ಹೂ ಕಾಯಿ ಬಿಟ್ಟ ತುದಿ. ತುದಿಯ ಜೊತೆಗಿಲ್ಲದ ಬರೀ ಎಲೆ, ಬೀಜ ಅದರಲ್ಲಿ ಸೇರುವುದಿಲ್ಲ. ಗಿಡಕ್ಕೆ ನಮ್ಮಲ್ಲಿ ‘ಭಂಗಿ’ ಇದೆ. ಆದರೆ ಇಲ್ಲಿ ಅದನ್ನು ಜೋರಾಗಿ ಹೇಳುವಂತಿಲ್ಲ. ಮರಾಠಿ, ಹಿಂದಿಯಲ್ಲಿ ಅದು ಜಾತಿ ಹಿಡಿದು ಹೀಯಾಳಿಸುವ ಮಾತು. ಕೆಲವರು ‘ಸೆಣಬು’ ಅಂತ ಬರೆಯುತ್ತಾರೆ. ಹಸಿರು ಗೊಬ್ಬರಕ್ಕೆ ಬಿತ್ತುವ ಸೆಣಬೇ ಬೇರೆ, ಇದೇ ಬೇರೆ. ಸದ್ಯಕ್ಕೆ ‘ಗಾಂಜಾ ಗಿಡ’ ಅಂತಲೇ ಇಟ್ಟಿದ್ದೇನೆ.

ನಿಜವಾದ ಪೇಚು ‘ಉರಿಯೂತ’ದಲ್ಲಿ. ಪದವೇನೋ ಸೊಗಸಾಗಿದೆ, ಉರಿಯೂ ಇದೆ, ಊತವೂ ಇದೆ. ಮರಾಠಿಯ ‘ದಾಹ’ದಲ್ಲಿ ಉರಿ ಮಾತ್ರ. (ನಮಗೆ ದಾಹ ಅಂದರೆ ನೀರು ನೆನಪಾಗುತ್ತದೆ.) ಆದರೆ ‘ಉರಿಯೂತ’ದಲ್ಲಿ ನೋವು ಇಲ್ಲ, ಜಗಳವಿರುವುದೂ ಅಲ್ಲೇ: ಇಳಿಯುವುದು ನೋವೋ, ಉರಿಯೂತವೋ? ಇಲಿಗಳಲ್ಲಿ ಸಿಬಿಡಿ (ಗಾಂಜಾ ಗಿಡದಲ್ಲಿರುವ ಒಂದು ರಾಸಾಯನಿಕ) ಉರಿಯೂತ ತಗ್ಗಿಸಿದ್ದುಂಟು. ಮನುಷ್ಯರಲ್ಲಿ ಪುರಾವೆ ತೆಳು. ಕ್ರೋನ್ಸ್ ಎಂಬ ಕರುಳಿನ ಕಾಯಿಲೆಯ ಸಣ್ಣ ಪ್ರಯೋಗಗಳಲ್ಲಿ ರೋಗಿಗಳಿಗೆ ಹಾಯೆನಿಸಿತು, ಕರುಳಿನ ಉರಿಯೂತ ಮಾತ್ರ ಇಳಿದದ್ದು ಕಾಣಲಿಲ್ಲ. 2018ರಲ್ಲಿ ಅಮೆರಿಕ ಒಪ್ಪಿದ ಸಿಬಿಡಿ ಔಷಧಿಯೂ ಅಪರೂಪದ ಮೂರ್ಛೆರೋಗಕ್ಕೆ, ಕೀಲಿಗಲ್ಲ.

ಹಾಗಾಗಿ ‘ನೋವು ಇಳಿಸೋದು’ ಬೇರೆ, ಆ್ಯಂಟಿ ಇನ್‌ಫ್ಲಮೇಟರಿ ಬೇರೆ ಅಂತ ಅತ್ತೆಗೆ ತಿಳಿಯಬೇಕು. ‘ಉರಿಯೂತ ಶಮನಕಾರಿ’ ಅಂದೆ, ‘ಅದ್ಯಾವ ಮಂತ್ರ?’ ಅಂದರು. ‘ಊತ ಇಳಿಸೋದು’ ಅಂದರೆ ಉರಿ ಬಿಟ್ಟುಹೋಗುತ್ತೆ ಅಲ್ವಾ?

ಮನೆಯಲ್ಲಿ ‘ಬಾವು’ ಅನ್ನುವವರು ಹೇಳಿ. ಕೀಲು ಕೆಂಪಾಗಿ, ಬಿಸಿಯಾಗಿ ಊದಿದರೂ ಅದೇ ಮಾತಾ? ಅಥವಾ ಸುಮ್ನೆ ಊದಿಕೊಂಡಿದ್ದಕ್ಕೆ ಮಾತ್ರವಾ?