‘ಡಿಸಬೀಲ್’ ಎಂಬ ಪದಕ್ಕೆ ‘ಅಸ್ತವ್ಯಸ್ತ ಉಡುಪು’ ಸರಿಯಾದೀತೇ?

ಪ್ರಶ್ನೆ (ವಿರಾಜಪೇಟೆ)
ಹಳೆಯ ಇಂಗ್ಲಿಷ್ ಕಥೆಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಮನೆಯೊಡತಿ ಬೆಳಗಿನ ಹೊತ್ತು ‘ಡಿಸಬೀಲ್’ ಸ್ಥಿತಿಯಲ್ಲಿ ಬಾಗಿಲು ತೆರೆಯುತ್ತಾಳೆ. ನಾನು ‘ಅಸ್ತವ್ಯಸ್ತ ಉಡುಪಿನಲ್ಲಿ’ ಎಂದು ಬರೆದೆ. ಕರಡು ಓದಿದ ನನ್ನ ತಂಗಿ, ಆಕೆಯ ಮೇಲೆ ಯಾರೋ ಕೈಮಾಡಿದಂತೆ ಕೇಳಿಸುತ್ತದೆ ಎಂದಳು. ಅಂದಿನಿಂದ ಆ ಸಾಲು ನನ್ನನ್ನು ಕಾಡುತ್ತಿದೆ. ಪದದ ಹುಟ್ಟನ್ನೂ ಅರ್ಥವನ್ನೂ ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ (ಮಡಿಕೇರಿ)
ಪದ ಫ್ರೆಂಚ್ ಮೂಲದ್ದು. ‘ಆಬಿಯೇ’ ಎಂದರೆ ಉಡಿಸು, ‘ದೇಜಾಬಿಯೇ’ ಎಂದರೆ ಉಟ್ಟದ್ದನ್ನು ಕಳಚು. ಅದರ ಕೃದಂತರೂಪವೇ 17ನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂದಿತು. ಇದಕ್ಕೂ ಹಿಂದಿನ ಕಥೆ ಮರಮಟ್ಟು ಬಲ್ಲ ನಮ್ಮ ಜಿಲ್ಲೆಯವರಿಗೆ ಹಿಡಿಸೀತು: ‘ಬೀಯ್’ ಎಂದರೆ ದಿಮ್ಮಿ, ಅದರಿಂದ ಹುಟ್ಟಿದ ಕ್ರಿಯಾಪದವು ಮೊದಲು ಕೊಂಬೆ ಸವರಿ ದಿಮ್ಮಿಯನ್ನು ಅಣಿಗೊಳಿಸುವುದನ್ನು ಹೇಳುತ್ತಿದ್ದು, ಬಳಿಕ ಯಾವುದನ್ನಾದರೂ ಸಜ್ಜುಗೊಳಿಸುವುದಕ್ಕೆ ಹಬ್ಬಿ, ಉಡುಪು ಎಂಬ ಅರ್ಥದ, ಲ್ಯಾಟಿನ್ ಮೂಲದ ‘ಆಬಿ’ ಪದದ ಪ್ರಭಾವದಿಂದ ಕೊನೆಗೆ ಬಟ್ಟೆಗೆ ಅಂಟಿಕೊಂಡಿತು. ಹೆಂಗಸರು ಮನೆಯೊಳಗೆ ತೊಡುತ್ತಿದ್ದ ಸಡಿಲ ಉಡುಪಿಗೂ ಒಂದು ಕಾಲದಲ್ಲಿ ಇದೇ ಹೆಸರಿತ್ತು. ಹಾಗಾಗಿ ನಿಮ್ಮ ಕಥೆಯಲ್ಲಿ ಅಲಕ್ಷ್ಯಕ್ಕಿಂತಲೂ, ಹೊರಗಿನವರ ಕಣ್ಣಿಗೆ ತಕ್ಕ ಉಡುಪು ಇನ್ನೂ ಆಗಿಲ್ಲ ಎಂಬುದೇ ಮುಖ್ಯವೆಂದು ನನಗೆ ತೋರುತ್ತದೆ.

ಉತ್ತರ (ಸೋಮವಾರಪೇಟೆ)
ತಂಗಿಯವರು ಹೇಳಿದ್ದು ಸರಿ. ‘ಅಸ್ತವ್ಯಸ್ತ’ದಲ್ಲಿರುವ ‘ಅಸ್ತ’ ಸೂರ್ಯಾಸ್ತದ ಅಸ್ತವಲ್ಲ. ಅದು ‘ಎಸೆ’ ಎಂಬ ಅರ್ಥದ ಸಂಸ್ಕೃತದ ‘ಅಸ್’ ಧಾತುವಿನಿಂದ ಬಂದದ್ದು. ಎಸೆಯುವ ಆಯುಧ ‘ಅಸ್ತ್ರ’ವಾದದ್ದೂ, ಚೆದುರಿದ್ದು ‘ವ್ಯಸ್ತ’, ಒಟ್ಟುಗೂಡಿದ್ದು ‘ಸಮಸ್ತ’ ಆದದ್ದೂ ಅದೇ ಧಾತುವಿನಿಂದ. ಸೊಗಸಾಗಿ ಜೋಡಿಸಿಟ್ಟದ್ದನ್ನು ಹೇಳುವ ‘ವಿನ್ಯಾಸ’ವೂ ಅದೇ ಬೇರಿನದು ಎಂಬುದನ್ನು ನೆನೆದಾಗಲೆಲ್ಲ ನನಗೆ ಸಂತೋಷವಾಗುತ್ತದೆ. ಎಸೆದು ಚೆದುರಿದ ಭಾವ ‘ಅಸ್ತವ್ಯಸ್ತ’ದ ಒಳಗೇ ಇರುವುದರಿಂದ, ಓದುಗರು ಚೆದುರಿಸಿದವರನ್ನು ಹುಡುಕುತ್ತಾರೆ.

ಉತ್ತರ (ಪೊನ್ನಂಪೇಟೆ)
ಮದುವೆಯ ದಿನ ಕೊಡವರ ನಿಲುವಂಗಿಯಾದ ಕುಪ್ಯ ತೊಟ್ಟು, ಸೊಂಟಕ್ಕೆ ಚೇಲೆ ಎಂಬ ನಡುಪಟ್ಟಿ ಸುತ್ತದೆ, ಅದಕ್ಕೆ ಸಿಕ್ಕಿಸುವ ಕಿರುಗತ್ತಿಯಾದ ಪೀಚೆಕತ್ತಿಯನ್ನು ಇನ್ನೂ ಸಿಕ್ಕಿಸಿಕೊಳ್ಳದೆ ಹಿರಿಯರೊಬ್ಬರು ಜಗಲಿಗೆ ಬಂದರೆ ಅವರನ್ನು ಅಸ್ತವ್ಯಸ್ತ ಎನ್ನಲಾಗದು. ಅವರ ಉಡುಪು ಪೂರ್ತಿಯಾಗಿಲ್ಲ, ಅಷ್ಟೇ. ‘ಅರೆಯುಡುಪು’ ಎನ್ನಬಹುದಿತ್ತು, ಆದರೆ ಅದು ಅರೆಬೆತ್ತಲೆಯನ್ನು ನೆನಪಿಸುತ್ತದೆ. ‘ಮನೆಯುಡುಪಿನಲ್ಲೇ ಬಂದು ಬಾಗಿಲು ತೆರೆದಳು’ ಎಂದು ಬರೆಯಿರಿ. ಆ ‘ಏ’ಕಾರವನ್ನು ಮಾತ್ರ ಬಿಡಬೇಡಿ, ಆಕೆಯ ಸಂಕೋಚವೆಲ್ಲ ಅದರಲ್ಲಿದೆ.