ಫೇಸ್‌ಬುಕ್ಕೇ ಇಲ್ಲದೆ ಹೋದರೆ ನಮ್ಮ ಗಿಡದ ಗುಂಪು ಎಲ್ಲಿಗೆ ಹೋಗಬೇಕು?

ಕೇಳಿದವರು, ಸಾಗರದಿಂದ:
ಹಿತ್ತಲ ಗಿಡ ಮತ್ತು ಬೀಜ ವಿನಿಮಯದ ಒಂದು ಫೇಸ್‌ಬುಕ್ ಗುಂಪು ನಡೆಸುತ್ತಿದ್ದೇನೆ. ಒಂಬತ್ತು ವರ್ಷ ಆಯಿತು. ಮೊನ್ನೆ ಮಗಳು ಕೇಳಿದಳು, "ಅಪ್ಪಾ, ಇದನ್ನು ಒಂದು ದಿನ ಮುಚ್ಚಿಬಿಟ್ಟರೆ ಇಷ್ಟು ಫೋಟೊ, ಇಷ್ಟು ಜನ ಎಲ್ಲಿ ಹೋಗ್ತಾರೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಮೆಚ್ಚಿನ ತಾಣ ಕಳೆದುಕೊಂಡವರು ಇಲ್ಲಿ ಇದ್ದೀರಲ್ವಾ? ನೀವು ಏನು ಮಾಡಿದಿರಿ?

ಮೈಸೂರಿನಿಂದ:
ನಾನು ಆರ್ಕುಟ್ ಕಾಲದವಳು. ಫೇಸ್‌ಬುಕ್‌ಗೂ ಮೊದಲು ನಮ್ಮಲ್ಲಿ ಜೋರಾಗಿದ್ದ ಗೂಗಲ್‌ನ ಸ್ನೇಹತಾಣ ಅದು. 2014ರ ಸೆಪ್ಟೆಂಬರ್ 30ಕ್ಕೆ ಅದನ್ನು ಮುಚ್ಚಿದರು. ಮೂರು ತಿಂಗಳು ಮೊದಲೇ ಗೂಗಲ್ ಹೇಳಿತ್ತು. ಆದರೆ ನಿಜ ಹೇಳಬೇಕೆಂದರೆ, ಅಷ್ಟು ಹೊತ್ತಿಗೆ ನಮ್ಮ ಕಮ್ಯೂನಿಟಿಗಳು ಬಿಕೋ ಎನ್ನುತ್ತಿದ್ದವು. ಯಾರೂ "ಹೋಗಿ ಬರ್ತೀನಿ" ಅನ್ನಲಿಲ್ಲ. ಒಬ್ಬೊಬ್ಬರಾಗಿ ಫೇಸ್‌ಬುಕ್ ಸೇರಿದರು, ಅಷ್ಟೆ.

ಕಾಲೇಜಿನ ಗೆಳತಿಯರು ಅಲ್ಲಿಯೂ ಸಿಕ್ಕರು. ಸಿಗದವರು ಯಾರು ಗೊತ್ತಾ? ಹಳೆ ಚಿತ್ರಗೀತೆಗಳ ಕಮ್ಯೂನಿಟಿಯಲ್ಲಿ ನನ್ನ ಜೊತೆ ದಿನಾ ಜಗಳ ಆಡುತ್ತಿದ್ದ ಹತ್ತಿಪ್ಪತ್ತು ಜನ. ಅವರ ನಿಜವಾದ ಹೆಸರೂ ನನಗೆ ತಿಳಿದಿರಲಿಲ್ಲ. ಒಬ್ಬರದು ಕೆಂಪು ಗುಲಾಬಿಯ ಫೋಟೊ. ಇನ್ನೊಬ್ಬರದು ರಾಜ್‌ಕುಮಾರ್ ಫೋಟೊ. ಕರ್ನಾಟಕದಲ್ಲಿ ರಾಜ್‌ಕುಮಾರ್ ಫೋಟೊ ಹಾಕಿಕೊಂಡವರನ್ನು ಹುಡುಕುತ್ತಾ ಹೋದರೆ ಮುಗಿಯುತ್ತದೆಯೇ?

ಸ್ಕ್ರ್ಯಾಪ್ (ಗೆಳೆಯರು ನಮ್ಮ ಪುಟದಲ್ಲಿ ಬರೆದ ಚಿಕ್ಕ ಸಂದೇಶ), ಫೋಟೊ ಇಳಿಸಿಕೊಳ್ಳಲು 2016ರ ಸೆಪ್ಟೆಂಬರ್‌ವರೆಗೆ ಅವಕಾಶ ಇತ್ತು. ಇಳಿಸಿಕೊಂಡೆ. ಈಗ ತೆಗೆದು ನೋಡಿದರೆ "ಊಟ ಆಯ್ತಾ" ಅನ್ನುವುದೇ ಜಾಸ್ತಿ. ಗುಲಾಬಿಯವರ ವಿಳಾಸ ಮಾತ್ರ ಅದರಲ್ಲಿ ಇಲ್ಲ.

ಬೆಂಗಳೂರಿನಿಂದ:
ನಾನು ಟ್ವಿಟರ್‌ನಂಥ "ಕೂ" ಆಪ್ ನಂಬಿಕೊಂಡು ಹೋದವನು. ನಮ್ಮೂರಿನದು, 2020ರಲ್ಲಿ ಮೊದಲು ಕನ್ನಡದಲ್ಲೇ ಬಂದದ್ದು. ಅಲ್ಲಿ ಕನ್ನಡ ಬರೆಯಲು ಯಾರಿಗೂ ಸಂಕೋಚ ಇರಲಿಲ್ಲ, ಅದೇ ಖುಷಿ. 2024ರ ಜುಲೈನಲ್ಲಿ ಮುಚ್ಚುವುದಾಗಿ ಸ್ಥಾಪಕರೇ ಹೇಳಿದರು. ಬೇರೆ ಕಂಪನಿಗಳ ಜೊತೆಗಿನ ಮಾತುಕತೆ ಕೈಗೂಡಲಿಲ್ಲವಂತೆ. ಆಮೇಲಿಂದ "ಯಾವ ಆಪ್ ಒಳ್ಳೆಯದು" ಎಂದು ಕೇಳುವುದನ್ನೇ ಬಿಟ್ಟಿದ್ದೇನೆ.

ಹುಬ್ಬಳ್ಳಿಯಿಂದ:
ನಮ್ಮಕ್ಕ ಟಿಕ್‌ಟಾಕ್‌ನಲ್ಲಿ ರೊಟ್ಟಿ ಬಡಿಯುವ ವಿಡಿಯೊ ಹಾಕುತ್ತಿದ್ದಳು. 2020ರ ಜೂನ್ 29ರ ರಾತ್ರಿ ನಿಷೇಧದ ಸುದ್ದಿ ಬಂತು. ಮೂರು ತಿಂಗಳಲ್ಲ, ಮೂರು ದಿನವೂ ಸಿಗಲಿಲ್ಲ. ಹತ್ತು ದಿನದೊಳಗೆ ಇನ್‌ಸ್ಟಾಗ್ರಾಂನಲ್ಲಿ ರೀಲ್ಸ್ ಬಂತು, ಅಕ್ಕ ಅಲ್ಲಿಗೆ ಹೋದಳು. ನೋಡುವವರು ಬರಲಿಲ್ಲ. ವಿಡಿಯೊಗಳೆಲ್ಲ ಫೋನಿನಲ್ಲೇ ಇದ್ದವು, ಅಷ್ಟರಮಟ್ಟಿಗೆ ಬಚಾವು.

ಉಡುಪಿಯಿಂದ:
2019ರ ನವೆಂಬರ್‌ನಲ್ಲಿ ಟ್ವಿಟರ್ ಮೇಲೆ ಮುನಿಸಿಕೊಂಡು ಮ್ಯಾಸ್ಟೊಡಾನ್‌ಗೆ ಹೋದ ಗುಂಪಿನಲ್ಲಿ ನಾನೂ ಇದ್ದೆ. ಅದೂ ಟ್ವಿಟರ್‌ನಂಥದ್ದೇ, ಆದರೆ ಒಂದೇ ಕಂಪನಿಯದಲ್ಲ, ಬೇರೆ ಬೇರೆಯವರು ನಡೆಸುವ ಸರ್ವರ್‌ಗಳು ಸೇರಿ ಆದದ್ದು. ಒಂದು ಸರ್ವರ್ ಬಿಟ್ಟು ಇನ್ನೊಂದಕ್ಕೆ ಹೋದರೂ ಹಿಂಬಾಲಕರನ್ನು ಕರೆದುಕೊಂಡು ಹೋಗಬಹುದು, ಅದು ದೊಡ್ಡ ಗುಣ. ಹಳೆಯ ಪೋಸ್ಟ್‌ಗಳು ಮಾತ್ರ ಜೊತೆಗೆ ಬರುವುದಿಲ್ಲ. ಆದರೆ "ಮೊದಲು ಸರ್ವರ್ ಆರಿಸಿ" ಎಂದ ಕೂಡಲೇ ನನ್ನ ಗೆಳೆಯರಲ್ಲಿ ಅರ್ಧ ಜನ ಎದ್ದು ಹೋದರು. ನಿಮ್ಮ ಗುಂಪಿನ ಹಿರಿಯರಿಗೆ ಇದು ಬೇಡ.

ಶಿರಸಿಯಿಂದ:
ಗುಂಪು ಇಡಿಯಾಗಿ ಒಂದೇ ಕಡೆ ಹೋಗುತ್ತದೆ ಎಂಬ ಆಸೆ ಬಿಡಿ. ಕೆಲಸ ನೋಡಿ ಹಂಚಿ. ಕಾಡುಗಿಡದ ಫೋಟೊ ಹಾಕಿ ಹೆಸರು ಪತ್ತೆ ಮಾಡಲು ಐನ್ಯಾಚುರಲಿಸ್ಟ್ ಎಂಬ ತಾಣ ಇದೆ. ನಾವೇ ನೆಟ್ಟ ದಾಸವಾಳಕ್ಕೆ ಅಲ್ಲಿ ಅಷ್ಟು ಮರ್ಯಾದೆ ಇಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಹರಟೆಗೆ ಹೇಗೂ ವಾಟ್ಸ್‌ಆ್ಯಪ್ ಇದೆ, ಆದರೆ ಗುಂಪಿಗೆ 1024 ಜನರ ಮಿತಿ. ಟೆಲಿಗ್ರಾಂನಲ್ಲಿ 2 ಲಕ್ಷದವರೆಗೆ ಸೇರಬಹುದು. ಅಡ್ಮಿನ್ ಅನುಮತಿ ಕೊಟ್ಟರೆ ಹೊಸಬರು ಹಳೆಯ ಮಾತನ್ನೂ ಓದಬಹುದು.

ಇವತ್ತೇ ಮಾಡಬೇಕಾದ್ದು ಒಂದಿದೆ. ಫೇಸ್‌ಬುಕ್ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಮಾಹಿತಿ ಇಳಿಸಿಕೊಳ್ಳಿ. ಯಾವ ಬಗೆಯ ಕಡತ ಎಂದು ಕೇಳಿದಾಗ, ಬ್ರೌಸರ್‌ನಲ್ಲಿ ತೆರೆದು ಓದಬಹುದಾದ ಎಚ್‌ಟಿಎಂಎಲ್ ಎಂದೇ ಆರಿಸಿ. ಇನ್ನೊಂದು ಬಗೆಯಾದ ಜೇಸನ್ ಕಡತ ತೆರೆದರೆ ಕನ್ನಡ ಅಕ್ಷರಗಳ ಬದಲು ಏನೇನೋ ಕಾಣುತ್ತದೆ. ಬರುವುದು ನೀವು ಹಾಕಿದ್ದು ಮಾತ್ರ, ಬೇರೆಯವರದ್ದಲ್ಲ. ಹಾಗಾಗಿ ಜಾಸ್ತಿ ಬರೆಯುವ ಹತ್ತು ಜನರಿಗೂ ಹೇಳಿ.

ಇನ್ನೊಂದು ಮಾತು. ಬೀಜ ಅಂಚೆಯಲ್ಲಿ ಕಳಿಸುತ್ತೀರಿ ಅಲ್ವಾ? ಆ ವಿಳಾಸಗಳೆಲ್ಲ ಎಲ್ಲಿವೆ? ಆರ್ಕುಟ್‌ನವರ ಹತ್ತಿರ ಇಲ್ಲದ್ದು ನಿಮ್ಮ ಹತ್ತಿರ ಇದೆಯಲ್ಲ! ಕೇಳದೆ ಯಾರನ್ನೂ ಹೊಸ ಗುಂಪಿಗೆ ಎಳೆಯಬೇಡಿ. ಒಂದು ಕಾರ್ಡ್ ಹಾಕಿ ಕೇಳಿ.

ಕೇಳಿದವರು, ಸಾಗರದಿಂದ:
ಅಟ್ಟದಿಂದ ನೋಟ್‌ಬುಕ್ ಇಳಿಸಿದೆ. 143 ವಿಳಾಸ ಇವೆ. ಮೂರಕ್ಕೆ ಗೆದ್ದಲು ಹಿಡಿದಿದೆ, ಉಳಿದವು ಓದಬಹುದು. ಮೈಸೂರಿನವರೇ, ನಮ್ಮ ಗುಂಪಿನಲ್ಲೂ ಕೆಂಪು ಗುಲಾಬಿ ಫೋಟೊದವರು ಒಬ್ಬರಿದ್ದಾರೆ. ಹಳೆ ಹಾಡಿನ ಹುಚ್ಚಿದೆಯಾ ಅಂತ ಕೇಳಲಾ?