ಚಳಿಗಾಲಕ್ಕೆ ಬೈಕಿಗೆ ಯಾವ ಎಂಜಿನ್ ಆಯಿಲ್? ಮೆಕ್ಯಾನಿಕ್ ಜೊತೆ ಪ್ರಶ್ನೋತ್ತರ

ರಾಜಾಜಿನಗರದ ಸದಸ್ಯ: ಸರ್, ನನ್ನ 100 ಸಿಸಿ ಬೈಕು ಚಳಿಯಲ್ಲಿ ಬೆಳಿಗ್ಗೆ ಬೇಗ ಸ್ಟಾರ್ಟ್ ಆಗುತ್ತಿಲ್ಲ. ಕೈಪಿಡಿಯಲ್ಲಿ 10ಡಬ್ಲ್ಯು-30 ಎಂದಿದೆ. ಇನ್ನೂ ತೆಳುವಾದ ಆಯಿಲ್ ಹಾಕಿಸಬೇಕೇ?

ಮೆಕ್ಯಾನಿಕ್: ಬೇಡ. ಮೊದಲ ಅಂಕಿ ಚಳಿಯಲ್ಲಿ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದನ್ನೂ, ಎರಡನೆಯದು 100 ಡಿಗ್ರಿ ಬಿಸಿಯಲ್ಲಿ ಎಷ್ಟು ಮಂದವಾಗಿರುತ್ತದೆ ಎಂಬುದನ್ನೂ ಹೇಳುತ್ತದೆ. ಬೆಂಗಳೂರಿನಲ್ಲಿ ದಾಖಲಾಗಿರುವ ಅತಿ ಕಡಿಮೆ ತಾಪಮಾನವೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. 10ಡಬ್ಲ್ಯು ಆಯಿಲನ್ನು ಪರೀಕ್ಷಿಸುವುದು ಮೈನಸ್ 25 ಡಿಗ್ರಿಯಲ್ಲಿ. ನಿಮ್ಮ ಸಮಸ್ಯೆಯನ್ನು ಸ್ಪಾರ್ಕ್ ಪ್ಲಗ್, ಚೋಕ್ ಮತ್ತು ಬ್ಯಾಟರಿಯಲ್ಲಿ ಹುಡುಕಿಸಿ.

ಬನಶಂಕರಿಯ ಸದಸ್ಯೆ: ನನ್ನ ಬೈಕಿಗೆ 20ಡಬ್ಲ್ಯು-40 ಹಾಕುತ್ತಾರೆ. ಚಳಿಗೆ ಬದಲಿಸಬೇಕೇ, ಸರ್?

ಮೆಕ್ಯಾನಿಕ್: ಕೈಪಿಡಿಯಲ್ಲಿ ಅದೇ ಇದ್ದರೆ ಬೇಡ. ಮೇಲಿನ ಉತ್ತರ ಓದಿ.

ಯಲಹಂಕದ ಸದಸ್ಯ: ಜನವರಿಯಲ್ಲಿ ಸ್ಪಿತಿ ಕಣಿವೆಯ ಕಾಜಾಕ್ಕೆ ಬೈಕಿನಲ್ಲಿ ಹೋಗುತ್ತಿದ್ದೇನೆ. ಈಗ 20ಡಬ್ಲ್ಯು-50 ಆಯಿಲ್ ಇದೆ. ಸಾಕಾಗುತ್ತದೆಯೇ?

ಮೆಕ್ಯಾನಿಕ್: ಸಾಕಾಗುವುದಿಲ್ಲ. ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅಲ್ಲಿ ಜನವರಿಯ ರಾತ್ರಿಗಳಲ್ಲಿ ತಾಪಮಾನ ಮೈನಸ್ 20ಕ್ಕಿಂತಲೂ ಕೆಳಗೆ ಇಳಿಯುತ್ತದೆ. 20ಡಬ್ಲ್ಯು ಆಯಿಲಿನ ಪರೀಕ್ಷೆಯಲ್ಲಿ ಎಂಜಿನ್ ತಿರುಗಿಸುವ ಮಿತಿ ಮೈನಸ್ 15, ಪಂಪಿಗೆ ಹರಿದು ಬರುವ ಮಿತಿ ಮೈನಸ್ 20 ಡಿಗ್ರಿ. ಸ್ಟಾರ್ಟರ್ ತಿರುಗದಿದ್ದರೆ ಬೈಕು ನಿಂತಲ್ಲೇ ನಿಲ್ಲುತ್ತದೆ, ಅಷ್ಟೇ. ನನ್ನ ಆತಂಕವಿರುವುದು ಎಂಜಿನ್ ಸ್ಟಾರ್ಟ್ ಆಗಿಯೂ ಮಂದವಾದ ಆಯಿಲ್ ಪಂಪಿಗೆ ಬಾರದೆ, ಎಲ್ಲಕ್ಕಿಂತ ಮೇಲಿದ್ದು ವಾಲ್ವುಗಳನ್ನು ತೆರೆಯುವ ಕ್ಯಾಮ್ ಒಣಗಿಯೇ ಉಜ್ಜಿಕೊಳ್ಳುವ ಸ್ಥಿತಿಯ ಬಗ್ಗೆ. ಕೈಪಿಡಿಯಲ್ಲಿ ತಾಪಮಾನದ ಪಟ್ಟಿ ಇದ್ದರೆ ಮೊದಲು ಅದನ್ನು ನೋಡಿ. ತಯಾರಕರು ಒಪ್ಪುವುದಾದರೆ ಪೂರ್ಣ ಸಿಂಥೆಟಿಕ್ 10ಡಬ್ಲ್ಯು-50 ಹಾಕಿಸಿ. ಎರಡನೆಯ ಅಂಕಿ ಅದೇ ಇರುವುದರಿಂದ ದಾರಿಯ ಬಯಲು ಸೀಮೆಯ ಬಿಸಿಯಲ್ಲೂ ರಕ್ಷಣೆ ಸಿಗುತ್ತದೆ. ಡಬ್ಬಿಯ ಮೇಲೆ ಜಾಸೋ ಎಂಎ2 ಎಂದಿರಲೇಬೇಕು, ಅದು ಆಯಿಲಿನಲ್ಲಿ ಮುಳುಗಿರುವ ಕ್ಲಚ್ಚಿಗೆ ಹೊಂದುವ ಆಯಿಲ್ ಎಂಬ ಗುರುತು. ರಾತ್ರಿ ಬೈಕನ್ನು ಬಯಲಿನಲ್ಲಿ ಬಿಡಬೇಡಿ. ಎಂಜಿನ್ ಅಡಿಯಲ್ಲಿ ಬೆಂಕಿ ಹಾಕಲು ಯಾರಾದರೂ ಹೇಳಿದರೆ ಒಪ್ಪಬೇಡಿ. ಯಾವ ಬೈಕು, ಯಾವ ವರ್ಷದ್ದು ಎಂದು ತಿಳಿಸಿ.

ಮಲ್ಲೇಶ್ವರದ ಸದಸ್ಯ: ಸಿಂಥೆಟಿಕ್ ಎಲ್ಲರಿಗೂ ಒಳ್ಳೆಯದು. ಮಿನರಲ್ ಆಯಿಲ್ ಹಾಕುವವರು ಎಂಜಿನ್ ಕೆಡಿಸಿಕೊಳ್ಳುತ್ತಾರೆ.

ಬಸವನಗುಡಿಯ ಸದಸ್ಯ: ಹಾಗೆ ಹೇಳುವುದು ತಪ್ಪು. ಕಚೇರಿಗೆ ಹೋಗಿಬರುವ ಬೈಕಿಗೆ ಸರಿಯಾದ ಗ್ರೇಡಿನ ಮಿನರಲ್ ಆಯಿಲನ್ನು ಸಮಯಕ್ಕೆ ಬದಲಿಸಿದರೆ ಸಾಕು.

ಮಲ್ಲೇಶ್ವರದ ಸದಸ್ಯ: ಹಣ ಉಳಿಸಲು ಹೊರಟವರ ಮಾತಿದು. ನಾನು ಕಾರಿನ 5ಡಬ್ಲ್ಯು-30 ಸಿಂಥೆಟಿಕ್ಕನ್ನೇ ಬೈಕಿಗೆ ಹಾಕುತ್ತೇನೆ.

ಬಸವನಗುಡಿಯ ಸದಸ್ಯ: ತಿಳಿಯದಿದ್ದರೆ ಸುಮ್ಮನಿರಿ. ನಿಮ್ಮ ಮಾತು ನಂಬಿದವರ ಕ್ಲಚ್ ಹಾಳಾಗುತ್ತದೆ.

ಮೆಕ್ಯಾನಿಕ್: ಬಸವನಗುಡಿಯವರು ಹೇಳಿದ್ದು ಸರಿ. ಬಹುತೇಕ ಗೇರ್ ಬೈಕುಗಳ ಕ್ಲಚ್ ಎಂಜಿನ್ ಆಯಿಲಿನಲ್ಲೇ ಮುಳುಗಿರುತ್ತದೆ. ಅಂಥ ಕಾರಿನ ಆಯಿಲುಗಳಲ್ಲಿ ಘರ್ಷಣೆ ತಗ್ಗಿಸುವ ರಾಸಾಯನಿಕಗಳಿರುವುದರಿಂದ ಕ್ಲಚ್ ಜಾರುತ್ತದೆ. ಇಬ್ಬರೂ ಜಗಳ ನಿಲ್ಲಿಸಿ.

ಹೆಬ್ಬಾಳದ ಸದಸ್ಯ: ಜೆ.ಸಿ. ರಸ್ತೆಯಲ್ಲಿ ನಕಲಿ ಅಲ್ಲದ ಆಯಿಲ್ ಎಲ್ಲಿ ಸಿಗುತ್ತದೆ?

ವಿಜಯನಗರದ ಸದಸ್ಯೆ: ಗೇರಿಲ್ಲದ ಸ್ಕೂಟರಿಗೂ ಎಂಎ2 ಬೇಕೇ, ಸರ್?

ಮೆಕ್ಯಾನಿಕ್: ಬೇಡ, ಜಾಸೋ ಎಂಬಿ ಗುರುತಿನ ಆಯಿಲ್ ಹಾಕಿಸಿ. ಅದರ ಕ್ಲಚ್ ಆಯಿಲಿನಲ್ಲಿ ಇರುವುದಿಲ್ಲ.

ಕೆಂಗೇರಿಯ ಸದಸ್ಯ: ಚಳಿಗಾಲದಲ್ಲಿ ಆಯಿಲಿಗೆ ಸ್ವಲ್ಪ ಸೀಮೆಎಣ್ಣೆ ಬೆರೆಸಿದರೆ ಒಳ್ಳೆಯದೆಂದು ವಾಟ್ಸಾಪಿನಲ್ಲಿ ಬಂದಿದೆ. ಎಲ್ಲರ ಗಮನಕ್ಕೆ.

ಮೆಕ್ಯಾನಿಕ್: ಇದನ್ನು ಹರಡಬೇಡಿ. ಸೀಮೆಎಣ್ಣೆ ಆಯಿಲಿನ ಪದರವನ್ನು ತೆಳುವಾಗಿಸಿ ಬೇರಿಂಗುಗಳನ್ನು ಸವೆಸುತ್ತದೆ. ಪ್ರತಿ ಚಳಿಗಾಲದಲ್ಲೂ ಇದೇ ಸಂದೇಶ ಬರುತ್ತದೆ, ಪ್ರತಿ ಸಲವೂ ಯಾರೋ ಒಬ್ಬರು ಎಂಜಿನ್ ಬಿಚ್ಚಿಸುತ್ತಾರೆ.

ರಾಜಾಜಿನಗರದ ಇನ್ನೊಬ್ಬ ಸದಸ್ಯ: ಚಳಿಗೆ 10ಡಬ್ಲ್ಯು-30 ಒಳ್ಳೆಯದೋ 20ಡಬ್ಲ್ಯು-40 ಒಳ್ಳೆಯದೋ?

ಮೆಕ್ಯಾನಿಕ್: ಕೈಪಿಡಿ ನೋಡಿ.

ಪೀಣ್ಯದ ಸದಸ್ಯ: ಸರ್, ಆ ಸಂದೇಶ ಓದಿ ನಿನ್ನೆಯೇ ಸೀಮೆಎಣ್ಣೆ ಸುರಿದುಬಿಟ್ಟೆ. ಈಗ ಮೇಲ್ಭಾಗದಿಂದ ಟಿಕ್ ಟಿಕ್ ಸದ್ದು ಬರುತ್ತಿದೆ.

ಮೆಕ್ಯಾನಿಕ್: ಇನ್ನೊಮ್ಮೆ ಸ್ಟಾರ್ಟ್ ಮಾಡಬೇಡಿ. ಗ್ಯಾರೇಜಿಗೆ ತಳ್ಳಿಕೊಂಡೇ ಹೋಗಿ. ಆಯಿಲನ್ನು ಪೂರ್ತಿ ಇಳಿಸಿ, ಫಿಲ್ಟರ್ ಬದಲಿಸಿ, ಕೈಪಿಡಿಯ ಗ್ರೇಡನ್ನೇ ತುಂಬಿಸಿ. ಆಮೇಲೂ ಸದ್ದು ಉಳಿದರೆ ಟ್ಯಾಪೆಟ್ ಮತ್ತು ಕ್ಯಾಮ್ ಪರೀಕ್ಷಿಸದೆ ಓಡಿಸಬೇಡಿ.